ರಿಪೋರ್ಟ್‌ನಲ್ಲಿ ‘ಮೆಲನಿನ್ ಬ್ಲೀಚ್’ ಎಂದಿದೆಯೇ? ಕಣ್ಣಿನ ಅಂಗಾಂಶದ ಕಪ್ಪು ಬಣ್ಣವನ್ನು ಏಕೆ ತೆಗೆಯುತ್ತಾರೆ, ಅದರಿಂದ ಏನು ತಿಳಿಯುತ್ತದೆ

ನಿಮ್ಮ ಮನೆಯವರೊಬ್ಬರ ಕಣ್ಣಿನಲ್ಲಿ ಕಪ್ಪು ಗೆಡ್ಡೆ ಕಾಣಿಸಿತು. ಬಯಾಪ್ಸಿ ಮಾಡಿದರು, ಅಥವಾ ಕಣ್ಣನ್ನೇ ತೆಗೆಯಬೇಕಾಯಿತು. ಕೆಲವು ದಿನಗಳ ನಂತರ ಪ್ಯಾಥಾಲಜಿ ರಿಪೋರ್ಟ್ ಕೈಗೆ ಬಂದಿದೆ. ಅದು ಇಂಗ್ಲಿಷ್‌ನಲ್ಲಿದೆ. ಮನೆಯವರಿಗೆ ಓದಿ ಕನ್ನಡದಲ್ಲಿ ಹೇಳಬೇಕಾದವರು ನೀವು. ಅರ್ಧಕ್ಕೆ ಬರುವಷ್ಟರಲ್ಲಿ ‘ಬ್ಲೀಚ್ಡ್ ಸೆಕ್ಷನ್ಸ್’ ಎಂಬ ಮಾತು ಸಿಗುತ್ತದೆ. ಬ್ಲೀಚ್ ಎಂದರೆ ಬಟ್ಟೆಗೆ, ನೆಲಕ್ಕೆ, ಬ್ಯೂಟಿ ಪಾರ್ಲರ್‌ನಲ್ಲಿ ಮುಖಕ್ಕೆ ಹಾಕುವುದು ತಾನೇ? ಕಣ್ಣಿನ ತುಣುಕಿಗೆ ಅದನ್ನು ಏಕೆ ಹಾಕಿದರು? ಸ್ಯಾಂಪಲ್ ಹಾಳಾಯಿತೇ? ಕಾಯಿಲೆ ಅಷ್ಟು ಜೋರಾಗಿದೆಯೇ?

ಎರಡೂ ಅಲ್ಲ. ಕಣ್ಣಿನ ಕಪ್ಪು ಗೆಡ್ಡೆಗಳನ್ನು ಪರೀಕ್ಷಿಸುವಾಗ ಇದು ಬಹಳ ಹಿಂದಿನಿಂದಲೂ ನಡೆದುಬಂದ ಕ್ರಮ. ಇದನ್ನು ಮಾಡದಿದ್ದರೆ ಕೆಲವೊಮ್ಮೆ ಆ ಗೆಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದೇ ಸಾಧ್ಯವಾಗುವುದಿಲ್ಲ.

ಮುಖ್ಯ ಅಂಶಗಳು

• ಗೆಡ್ಡೆ ಎಷ್ಟು ಕಪ್ಪಾಗಿದೆ ಎಂಬುದರಿಂದ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದಿಲ್ಲ. ತೀರ್ಮಾನವಾಗುವುದು ಜೀವಕೋಶದ ನಡುವಿನ ನ್ಯೂಕ್ಲಿಯಸ್ ನೋಡಿ.
• ಮೆಲನಿನ್ ಎಂಬ ಕಪ್ಪು ಬಣ್ಣ ನ್ಯೂಕ್ಲಿಯಸ್ಸನ್ನು ಮುಚ್ಚಿಬಿಟ್ಟಾಗ ಆ ಬಣ್ಣವನ್ನು ರಾಸಾಯನಿಕದಿಂದ ತೆಗೆಯುತ್ತಾರೆ.
• ಬ್ಲೀಚ್ ಮಾಡುವುದು ತೆಳುವಾಗಿ ಕೊಯ್ದ ಒಂದೆರಡು ಪದರಗಳನ್ನು ಮಾತ್ರ. ಮೂಲ ಸ್ಯಾಂಪಲ್ ಮೇಣದ ಅಚ್ಚಿನಲ್ಲಿ ಹಾಗೆಯೇ ಉಳಿದಿರುತ್ತದೆ.
• ಬ್ಲೀಚ್ ಮಾಡಿದ್ದಾರೆ ಎಂಬ ಮಾತು ಒಳ್ಳೆಯ ಸುದ್ದಿಯೂ ಅಲ್ಲ, ಕೆಟ್ಟ ಸುದ್ದಿಯೂ ಅಲ್ಲ. ಬ್ಲೀಚ್ ಆದ ಮೇಲೆ ಏನು ಕಂಡಿತು ಎಂಬ ಸಾಲನ್ನು ಓದಬೇಕು.

ಕಣ್ಣಿನೊಳಗೆ ಇಷ್ಟು ಕಪ್ಪು ಏಕಿದೆ?

ಕಣ್ಣು ಹೊರಗಿನಿಂದ ಬಿಳಿಯಾಗಿ ಕಂಡರೂ ಒಳಗೆ ಅದು ಕತ್ತಲೆಯ ಕೋಣೆ. ಹಳೆಯ ಕ್ಯಾಮೆರಾಗಳ ಒಳಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ಬೆಳಕು ಅತ್ತಿತ್ತ ಚದುರಿ ಚಿತ್ರ ಮಸುಕಾಗಬಾರದೆಂದು. ಕಣ್ಣಿನಲ್ಲಿ ಆ ಕೆಲಸವನ್ನು ಮೆಲನಿನ್ ಮಾಡುತ್ತದೆ. ನಮ್ಮ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ವಸ್ತು ಇದೇ.

ಕಣ್ಣಿನಲ್ಲಿ ಮೆಲನಿನ್ ಎರಡು ಬಗೆಯ ಕೋಶಗಳಲ್ಲಿರುತ್ತದೆ. ರೆಟಿನಾದ ಹಿಂದೆ ಒಂದೇ ಸಾಲಿನಲ್ಲಿ ಹೆಂಚು ಜೋಡಿಸಿದಂತೆ ಕೂತಿರುವ ವರ್ಣಕೋಶಗಳದು ಒಂದು ಬಗೆ. ಇವುಗಳ ಮೆಲನಿನ್ ಕಣಗಳು ದೊಡ್ಡವು, ಉದ್ದುದ್ದನೆಯವು. ಎರಡನೆಯದು ಮೆಲನೊಸೈಟ್ ಎಂಬ ಕೋಶಗಳು. ಇವು ಕಣ್ಣಿನ ಬಣ್ಣದ ಬಳೆಯಾದ ಐರಿಸ್, ಅದರ ಹಿಂದಿನ ಸಿಲಿಯರಿ ಬಾಡಿ, ರೆಟಿನಾದ ಹಿಂದಿರುವ ಕೊರಾಯ್ಡ್ ಎಂಬ ರಕ್ತನಾಳಗಳ ಪದರ, ಈ ಮೂರರಲ್ಲೂ ಹರಡಿಕೊಂಡಿರುತ್ತವೆ. ಈ ಮೂರನ್ನೂ ಸೇರಿಸಿ ಯೂವಿಯಾ ಎನ್ನುತ್ತಾರೆ. ಕಣ್ಣಿನ ಬಿಳಿ ಭಾಗವನ್ನು ಹೊದ್ದ ತೆಳುಪೊರೆ ಕಂಜಂಕ್ಟೈವಾದಲ್ಲೂ ಕೆಲವು ಮೆಲನೊಸೈಟ್‌ಗಳಿರುತ್ತವೆ.

ಕಂದು ಕಣ್ಣಿನವರಿಗೂ ನೀಲಿ ಕಣ್ಣಿನವರಿಗೂ ಐರಿಸ್‌ನಲ್ಲಿರುವ ಮೆಲನೊಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಪ್ರತಿ ಕೋಶದೊಳಗೆ ತುಂಬಿರುವ ಮೆಲನಿನ್ ಪ್ರಮಾಣದಲ್ಲಿ. ನಮ್ಮಲ್ಲಿ ಬಹುತೇಕರ ಕಣ್ಣು ಗಾಢ ಕಂದು. ಹಾಗಾಗಿ ಆರೋಗ್ಯವಂತ ಕಣ್ಣಿನ ಅಂಗಾಂಶವೂ ಸೂಕ್ಷ್ಮದರ್ಶಕದಡಿ ಸಾಕಷ್ಟು ಕಪ್ಪಾಗಿಯೇ ಕಾಣುತ್ತದೆ. ಇದು ರೋಗವಲ್ಲ.

ಈ ಮೆಲನೊಸೈಟ್‌ಗಳು ಗುಂಪುಗೂಡಿ ಬೆಳೆದರೆ ಕಪ್ಪು ಮಚ್ಚೆ, ಅಂದರೆ ನೀವಸ್ ಆಗಬಹುದು. ಮೆಲನೊಸೈಟೋಮಾ ಎಂಬ ನಿರುಪದ್ರವಿ ಗೆಡ್ಡೆಯಾಗಬಹುದು. ಇಲ್ಲವೇ ಮೆಲನೋಮಾ ಎಂಬ ಕ್ಯಾನ್ಸರ್ ಆಗಬಹುದು. ಯೂವಿಯಾದ ಮೆಲನೋಮಾ ಬಿಳಿಯರಲ್ಲಿ ಹೆಚ್ಚು. ಭಾರತೀಯರಲ್ಲಿ ಅದು ಬಹಳ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಬಣ್ಣ ಪರೀಕ್ಷೆಗೆ ಹೇಗೆ ಅಡ್ಡಿಯಾಗುತ್ತದೆ?

ಮಸಿ ಹಿಡಿದ ಲಾಟೀನಿನ ಗಾಜನ್ನು ನೆನಪಿಸಿಕೊಳ್ಳಿ. ಒಳಗೆ ದೀಪ ಉರಿಯುತ್ತಿದ್ದರೂ ಕುಡಿ ನೆಟ್ಟಗಿದೆಯೋ ಸೊಟ್ಟಗಿದೆಯೋ ಹೊರಗೆ ಗೊತ್ತಾಗುವುದಿಲ್ಲ. ಗಾಜು ಒರೆಸಬೇಕು. ಮೆಲನಿನ್ ತುಂಬಿದ ಕೋಶದ ಕಥೆಯೂ ಅಷ್ಟೇ.

ಪ್ಯಾಥಾಲಜಿಸ್ಟ್ ಮುಖ್ಯವಾಗಿ ನೋಡುವುದು ನ್ಯೂಕ್ಲಿಯಸ್ಸನ್ನು: ಅದು ಚಿಕ್ಕದೋ ದೊಡ್ಡದೋ, ದುಂಡಗಿದೆಯೋ ಅಂಕುಡೊಂಕೋ, ಎಲ್ಲ ಕೋಶಗಳಲ್ಲೂ ಒಂದೇ ತರಹ ಇದೆಯೋ ಒಂದೊಂದರಲ್ಲಿ ಒಂದೊಂದು ತರಹವೋ, ಒಳಗಿನ ನ್ಯೂಕ್ಲಿಯೋಲಸ್ ಎಂಬ ಚುಕ್ಕೆ ಎದ್ದು ಕಾಣುತ್ತಿದೆಯೋ, ಕೋಶಗಳು ಒಡೆದು ಎರಡಾಗುತ್ತಿವೆಯೋ. ಇವೆಲ್ಲ ಕಾಣಿಸಲೆಂದೇ ಅಂಗಾಂಶಕ್ಕೆ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಎರಡು ಬಣ್ಣ ಹಾಕುತ್ತಾರೆ. ರಿಪೋರ್ಟ್‌ನಲ್ಲಿ ‘ಎಚ್ ಅಂಡ್ ಇ’ ಎಂದಿರುವುದು ಇದೇ. ನ್ಯೂಕ್ಲಿಯಸ್ ನೀಲಿಯಾಗಿ, ಉಳಿದ ಭಾಗ ಗುಲಾಬಿಯಾಗಿ ಕಾಣುತ್ತದೆ. ಆದರೆ ಕೋಶದ ತುಂಬ ಕಪ್ಪು ಕಣಗಳಿದ್ದರೆ ನೀಲಿಯೂ ಇಲ್ಲ, ಗುಲಾಬಿಯೂ ಇಲ್ಲ. ಇದ್ದಿಲ ಪುಡಿ ಚೆಲ್ಲಿದಂತೆ ಕಾಣುತ್ತದೆ, ಅಷ್ಟೇ.

ಇಂಥ ಸ್ಲೈಡ್ ನೋಡಿ ‘ಕಪ್ಪಾಗಿದೆ, ಕ್ಯಾನ್ಸರ್ ಇರಬೇಕು’ ಎನ್ನುವಂತಿಲ್ಲ. ‘ಅಪಾಯವಿಲ್ಲ’ ಎಂದು ಬಿಡುವಂತೆಯೂ ಇಲ್ಲ. ನೋಡಿಯೇ ಹೇಳಬೇಕು, ನೋಡಲು ಬಣ್ಣ ತೆಗೆಯಬೇಕು.

ಯಾವ ಸಂದರ್ಭಗಳಲ್ಲಿ ಬ್ಲೀಚ್ ಮಾಡುತ್ತಾರೆ?

ಕಣ್ಣಿನ ಎಲ್ಲ ಬಯಾಪ್ಸಿಗಳಿಗೂ ಇದು ಬೇಕಿಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾದ ಕೋಶಗಳಲ್ಲಿ ಮೆಲನಿನ್ ಇರುವುದಿಲ್ಲ, ಆದ್ದರಿಂದ ಅಲ್ಲಿ ಸಾಮಾನ್ಯವಾಗಿ ಈ ಮಾತೇ ಬರುವುದಿಲ್ಲ. ಮೆಲನೋಮಾಗಳಲ್ಲೂ ಹಲವು ಮಾಸಲು ಕಂದಾಗಿಯೋ ಬಣ್ಣವೇ ಇಲ್ಲದೆಯೋ ಇರುತ್ತವೆ. ಅವನ್ನು ನೇರವಾಗಿ ನೋಡಬಹುದು. ಬ್ಲೀಚ್ ಬೇಕಾಗುವುದು ಮುಖ್ಯವಾಗಿ ಈ ಸಂದರ್ಭಗಳಲ್ಲಿ:

• ಐರಿಸ್, ಸಿಲಿಯರಿ ಬಾಡಿ ಅಥವಾ ಕೊರಾಯ್ಡ್‌ನಲ್ಲಿ ಕಡುಕಪ್ಪು ಗೆಡ್ಡೆ ಇದ್ದಾಗ.
• ದೃಷ್ಟಿನರ ಕಣ್ಣಿಗೆ ಸೇರುವ ಜಾಗದಲ್ಲಿ ಕಪ್ಪು ಗೆಡ್ಡೆ ಇದ್ದು, ಅದು ಮೆಲನೊಸೈಟೋಮಾ ಇರಬಹುದೆಂಬ ಅನುಮಾನವಿದ್ದಾಗ.
• ಕಂಜಂಕ್ಟೈವಾದ ಕಂದು ಕಲೆಯಲ್ಲಿ ಕೋಶಗಳ ಸ್ವರೂಪ ಬದಲಾಗಿದೆಯೇ ಎಂದು ತೀರ್ಮಾನಿಸಬೇಕಾದಾಗ.
• ರೇಡಿಯೇಷನ್ ಚಿಕಿತ್ಸೆಯ ನಂತರ ತೆಗೆದ ಕಣ್ಣಿನಲ್ಲಿ. ಸತ್ತ ಗೆಡ್ಡೆಯ ಬಣ್ಣವನ್ನು ಶರೀರದ ಶುಚಿಗಾರ ಕೋಶಗಳು ನುಂಗಿ ತಾವೇ ಕಪ್ಪಾಗಿರುತ್ತವೆ. ಇವಕ್ಕೆ ಮೆಲನೋಫೇಜ್ ಎಂದು ಹೆಸರು. ಇವು ಗೆಡ್ಡೆಯ ಕೋಶಗಳೋ ಶುಚಿಗಾರ ಕೋಶಗಳೋ ಎಂದು ಬೇರ್ಪಡಿಸಬೇಕಾಗುತ್ತದೆ.
• ಸೂಜಿಯಿಂದ ತೆಗೆದ ಸ್ಯಾಂಪಲ್‌ನಲ್ಲಿ ಸಿಕ್ಕ ಕೆಲವೇ ಕೋಶಗಳೂ ಕಪ್ಪಾಗಿದ್ದಾಗ.

ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ?

ಆಪರೇಷನ್ ಥಿಯೇಟರ್‌ನಿಂದ ಹೊರಟ ಅಂಗಾಂಶ ಮೊದಲು ಫಾರ್ಮಲಿನ್ ದ್ರಾವಣ ಸೇರುತ್ತದೆ. ಕೊಳೆಯದಂತೆ, ಆಕಾರ ಕೆಡದಂತೆ ಅದು ಕಾಪಾಡುತ್ತದೆ. ಸಣ್ಣ ತುಣುಕಿಗೆ ಕೆಲವು ಗಂಟೆ ಸಾಕು. ಸುಮಾರು 24 ಮಿಲಿಮೀಟರ್ ಉದ್ದದ ಇಡೀ ಕಣ್ಣುಗುಡ್ಡೆಯಾದರೆ ಫಾರ್ಮಲಿನ್ ಒಳಗೆ ಇಳಿಯಲು ಒಂದೆರಡು ದಿನ ಬೇಕು. ನಂತರ ಕಣ್ಣನ್ನು ಅಳೆದು, ಹಿಂದಿನಿಂದ ಬೆಳಕು ಹಾಯಿಸಿ ಗೆಡ್ಡೆಯ ನೆರಳು ಎಲ್ಲಿ ಬೀಳುತ್ತದೆಂದು ಗುರುತಿಸಿ, ಪಾಪೆ, ದೃಷ್ಟಿನರ ಮತ್ತು ಗೆಡ್ಡೆ ಮೂರೂ ಒಂದೇ ಸೀಳಿನಲ್ಲಿ ಬರುವಂತೆ ಕೊಯ್ಯುತ್ತಾರೆ.

ಆ ಭಾಗದ ನೀರಿನಂಶ ತೆಗೆದು ಕರಗಿದ ಮೇಣ ತುಂಬಿಸುತ್ತಾರೆ. ಮೇಣ ಗಟ್ಟಿಯಾದಾಗ ಸಿಗುವ ಅಚ್ಚೇ ‘ಬ್ಲಾಕ್’. ಮೈಕ್ರೊಟೋಮ್ ಎಂಬ ಯಂತ್ರದಿಂದ ಅದನ್ನು 4–5 ಮೈಕ್ರಾನ್ ದಪ್ಪದ ಪದರಗಳಾಗಿ ಕೊಯ್ಯುತ್ತಾರೆ. ನಮ್ಮ ಒಂದು ಕೆಂಪು ರಕ್ತಕಣದ ಅಗಲವೇ 7–8 ಮೈಕ್ರಾನ್ ಎಂದರೆ ಈ ಪದರ ಎಷ್ಟು ತೆಳುವೆಂದು ಊಹಿಸಬಹುದು. ಒಂದೊಂದು ಪದರವೂ ಒಂದೊಂದು ಗಾಜಿನ ಸ್ಲೈಡ್ ಮೇಲೆ ಕೂರುತ್ತದೆ.

ಮೊದಲ ಸ್ಲೈಡ್‌ಗೆ ಬ್ಲೀಚ್ ಮಾಡದೆಯೇ ಎಚ್ ಅಂಡ್ ಇ ಬಣ್ಣ ಹಾಕಿ ನೋಡುತ್ತಾರೆ. ಮೆಲನಿನ್ ತೀರಾ ಅಡ್ಡಬಂದರೆ ಅದೇ ಬ್ಲಾಕ್‌ನಿಂದ ಪಕ್ಕದ ಪದರ ಕೊಯ್ದು ಬ್ಲೀಚ್‌ಗೆ ಕಳುಹಿಸುತ್ತಾರೆ.

ಬಣ್ಣ ತೆಗೆಯುವ ಎರಡು ವಿಧಾನ

ಮೆಲನಿನ್ ಹಟಮಾರಿ ವಸ್ತು. ನೀರಿನಲ್ಲಾಗಲಿ ಆಲ್ಕೋಹಾಲ್‌ನಲ್ಲಾಗಲಿ ಕರಗುವುದಿಲ್ಲ. ಅದನ್ನು ಉತ್ಕರ್ಷಣೆಯಿಂದ, ಅಂದರೆ ಆಮ್ಲಜನಕ ಕೊಡುವ ರಾಸಾಯನಿಕದಿಂದ ಒಡೆಯಬೇಕು. ಹೆಚ್ಚು ಬಳಕೆಯಲ್ಲಿರುವ ವಿಧಾನಗಳು ಎರಡು.

ಪರ್ಮಾಂಗನೇಟ್ ವಿಧಾನ: ಗಾಯ ತೊಳೆಯಲು ಬಳಸುತ್ತಿದ್ದ ನೇರಳೆ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟ್, ಹಲವರಿಗೆ ಗೊತ್ತು. ಅದರ ಬಹಳ ತೆಳುವಾದ, ಸಾಮಾನ್ಯವಾಗಿ ಶೇ. 0.25ರ ದ್ರಾವಣದಲ್ಲಿ ಸ್ಲೈಡ್ ಅದ್ದುತ್ತಾರೆ. ಮೆಲನಿನ್ ಒಡೆಯುತ್ತದೆ, ಆದರೆ ಪದರಕ್ಕೆ ಪರ್ಮಾಂಗನೇಟ್‌ನ ಕಂದು ಕಲೆ ಹತ್ತುತ್ತದೆ. ಆ ಕಲೆ ತೆಗೆಯಲು ಆಕ್ಸಾಲಿಕ್ ಆಮ್ಲದಲ್ಲಿ ಅದ್ದುತ್ತಾರೆ. ಬಟ್ಟೆಯ ತುಕ್ಕಿನ ಕಲೆಗೆ ಬಳಸುವ ಆಮ್ಲವೇ ಇದು. ಪದರ ಬೆಳ್ಳಗಾಗುತ್ತದೆ. ಈ ವಿಧಾನದಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಅಂಗಾಂಶಕ್ಕೆ ಸ್ವಲ್ಪ ಒರಟು.

ಹೈಡ್ರೋಜನ್ ಪೆರಾಕ್ಸೈಡ್ ವಿಧಾನ: ಕೂದಲಿನ ಬಣ್ಣ ತಿಳಿಗೊಳಿಸಲು ಬಳಸುವ ರಾಸಾಯನಿಕವೇ ಇದು, ಮತ್ತು ಕಾರಣವೂ ಅದೇ: ಕೂದಲಿನ ಕಪ್ಪು ಕೂಡ ಮೆಲನಿನ್ನೇ. ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಶೇ. 3ರಿಂದ 10ರವರೆಗಿನ ದ್ರಾವಣ ಬಳಸುತ್ತಾರೆ. ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಒಂದು ರಾತ್ರಿಯೋ ಇಡೀ ದಿನವೋ ಹಿಡಿಯುತ್ತದೆ. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಸಿ ಮಾಡಿದರೆ ಅರ್ಧ ಗಂಟೆಯಿಂದ ಒಂದೆರಡು ಗಂಟೆ ಸಾಕು. ಇದು ಹೆಚ್ಚು ಮೃದು. ಮುಂದೆ ಬೇರೆ ವಿಶೇಷ ಪರೀಕ್ಷೆಗಳನ್ನು ಮಾಡಬೇಕಿದ್ದರೆ ಹಲವರು ಇದನ್ನೇ ಆರಿಸುತ್ತಾರೆ.

ಎರಡರಲ್ಲೂ ಎಚ್ಚರ ಬೇಕು. ಹೊತ್ತು ಕಡಿಮೆಯಾದರೆ ಬಣ್ಣ ಉಳಿಯುತ್ತದೆ. ಹೆಚ್ಚಾದರೆ ಪದರ ಗಾಜಿನಿಂದ ಎದ್ದು ಬರಬಹುದು, ನ್ಯೂಕ್ಲಿಯಸ್ ನೀಲಿ ಬಣ್ಣವನ್ನು ಸರಿಯಾಗಿ ಹಿಡಿಯದೆ ಪೇಲವವಾಗಬಹುದು. ಅದಕ್ಕೇ ಅಂಟು ಲೇಪವಿರುವ ವಿಶೇಷ ಸ್ಲೈಡ್ ಬಳಸುತ್ತಾರೆ, ನಡುನಡುವೆ ತೆಗೆದು ಪರೀಕ್ಷಿಸುತ್ತಾರೆ. ಒಂದು ಪದರ ಕೆಟ್ಟರೂ ಬ್ಲಾಕ್‌ನಿಂದ ಇನ್ನೊಂದು ಕೊಯ್ಯಬಹುದು.

ಬ್ಲೀಚ್ ಆದ ಪದರಕ್ಕೆ ಮತ್ತೆ ಎಚ್ ಅಂಡ್ ಇ ಬಣ್ಣ ಹಾಕಿ, ಬ್ಲೀಚ್ ಆಗದ ಪದರದ ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಿ ನೋಡುತ್ತಾರೆ. ಬಣ್ಣ ಎಲ್ಲಿತ್ತು, ಎಷ್ಟಿತ್ತು ಎಂಬುದಕ್ಕೆ ಮೊದಲ ಸ್ಲೈಡ್ ಬೇಕು. ಅದರಡಿ ಏನಿತ್ತು ಎಂಬುದಕ್ಕೆ ಎರಡನೆಯದು.

ಪರದೆ ಸರಿದ ಮೇಲೆ: ಒಂದು ನಿಜ ಉದಾಹರಣೆ

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಮೆಲನೊಸೈಟೋಮಾಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಇದು ಹೆಚ್ಚಾಗಿ ದೃಷ್ಟಿನರದ ತುದಿಯಲ್ಲಿ ಬರುತ್ತದೆ. ಐರಿಸ್, ಸಿಲಿಯರಿ ಬಾಡಿ, ಕೊರಾಯ್ಡ್‌ಗಳಲ್ಲೂ ಬರಬಹುದು. ಕಣ್ಣಿನ ಗೆಡ್ಡೆಗಳಲ್ಲೆಲ್ಲ ಕಡುಕಪ್ಪು ಇದೇ. ನೋಡಿದರೆ ಭಯವಾಗುವಷ್ಟು ಕಪ್ಪು. ಹಿಂದೆ ಇದನ್ನು ಮೆಲನೋಮಾ ಎಂದು ಭಾವಿಸಿ ಕಣ್ಣುಗಳನ್ನೇ ತೆಗೆದದ್ದುಂಟು.

1962ರಲ್ಲಿ ಅಮೆರಿಕದ ನೇತ್ರ ಪ್ಯಾಥಾಲಜಿಸ್ಟ್ ಲೊರೆಂಜ್ ಜಿಮ್ಮರ್‌ಮನ್ ಮತ್ತು ಅವರ ಸಹೋದ್ಯೋಗಿ ಗ್ಯಾರನ್ ದೃಷ್ಟಿನರದ ಮೆಲನೊಸೈಟೋಮಾ ಬಗ್ಗೆ ಬರೆದು, ಇದು ಮೆಲನೋಮಾದಿಂದ ಬೇರೆಯಾದ ನಿರುಪದ್ರವಿ ಗೆಡ್ಡೆ ಎಂದು ತೋರಿಸಿಕೊಟ್ಟರು. ಬ್ಲೀಚ್ ಮಾಡದ ಸ್ಲೈಡ್‌ನಲ್ಲಿ ಇದು ಕಪ್ಪು ಮುದ್ದೆ. ಬ್ಲೀಚ್ ಮಾಡಿದಾಗ ಕಾಣುವುದು ದುಂಡಗಿನ, ತುಂಬಿಕೊಂಡ, ಒಂದೇ ಅಳತೆಯ ಕೋಶಗಳು, ಅವುಗಳ ನಡುವೆ ಚಿಕ್ಕ, ಶಾಂತವಾದ ನ್ಯೂಕ್ಲಿಯಸ್. ಕೋಶಗಳು ಒಡೆಯುತ್ತಿರುವ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಇದು ಕ್ಯಾನ್ಸರ್ ಆಗಿ ಬದಲಾಗುವುದು ಸುಮಾರು ಶೇ. 1–2ರಷ್ಟು ಜನರಲ್ಲಿ ಮಾತ್ರ. ಇಂದು ದೃಷ್ಟಿನರದ ಮೆಲನೊಸೈಟೋಮಾವನ್ನು ವೈದ್ಯರು ಹೆಚ್ಚಾಗಿ ಕಣ್ಣಿನ ಪರೀಕ್ಷೆ ಮತ್ತು ಫೋಟೊಗಳಿಂದಲೇ ಗುರುತಿಸಿ, ಆಪರೇಷನ್ ಇಲ್ಲದೆ ಕಾಲಕಾಲಕ್ಕೆ ನೋಡುತ್ತಾ ಇರುತ್ತಾರೆ.

ಮೆಲನೋಮಾ ಆದರೆ ಬ್ಲೀಚ್ ಮಾಡಿದ ಸ್ಲೈಡ್ ಬೇರೆಯೇ ಚಿತ್ರ ಕೊಡುತ್ತದೆ. 1931ರಲ್ಲಿ ಅಮೆರಿಕದ ಕ್ಯಾಲೆಂಡರ್ ಎಂಬ ವೈದ್ಯರು ಈ ಕೋಶಗಳನ್ನು ಆಕಾರದಿಂದ ವಿಂಗಡಿಸಿದರು. ತಿದ್ದುಪಡಿಗಳೊಂದಿಗೆ ಆ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ. ನೂಲುವ ಕದಿರಿನಂತೆ ಉದ್ದವಾದವು ಸ್ಪಿಂಡಲ್ ಕೋಶಗಳು. ದೊಡ್ಡ ದುಂಡು ನ್ಯೂಕ್ಲಿಯಸ್ ಮತ್ತು ಎದ್ದು ಕಾಣುವ ನ್ಯೂಕ್ಲಿಯೋಲಸ್ ಇರುವವು ಎಪಿಥೀಲಿಯಾಯ್ಡ್ ಕೋಶಗಳು. ಎರಡೂ ಇದ್ದರೆ ಮಿಶ್ರ. ಎಪಿಥೀಲಿಯಾಯ್ಡ್ ಕೋಶಗಳು ಹೆಚ್ಚಿದ್ದಷ್ಟೂ ಕಾಯಿಲೆ ಶರೀರದ ಬೇರೆಡೆಗೆ, ಮುಖ್ಯವಾಗಿ ಯಕೃತ್ತಿಗೆ, ಹರಡುವ ಅಪಾಯ ಹೆಚ್ಚು. ಮುಂದೆ ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಬೇಕು ಎಂಬುದನ್ನು ನಿರ್ಧರಿಸುವಾಗ ಇದೂ ಒಂದು ಲೆಕ್ಕ.

ಅಂದರೆ ಒಂದೇ ಬಗೆಯ ಕಪ್ಪಿನಡಿ ಎರಡು ಬೇರೆ ಭವಿಷ್ಯಗಳಿರಬಹುದು. ಬಣ್ಣ ತೆಗೆಯದೆ ಯಾವುದು ಎಂದು ತಿಳಿಯುವುದಿಲ್ಲ.

ಅದು ಮೆಲನಿನ್ನೇ ಹೌದೇ?

ಅಂಗಾಂಶದಲ್ಲಿ ಕಂದಾಗಿ ಕಾಣುವುದೆಲ್ಲ ಮೆಲನಿನ್ ಅಲ್ಲ. ಹಳೆಯ ರಕ್ತಸ್ರಾವದಿಂದ ಉಳಿದ ಕಬ್ಬಿಣದ ಕಣಗಳೂ ಕಂದಾಗಿರುತ್ತವೆ. ವಯಸ್ಸಾದಂತೆ ಕೋಶಗಳಲ್ಲಿ ಸೇರುವ ಲಿಪೊಫ್ಯೂಸಿನ್ ಎಂಬ ವಸ್ತುವೂ ಇದೆ. ಫಾರ್ಮಲಿನ್ ಕೂಡ ಒಮ್ಮೊಮ್ಮೆ ಕಂದು ಕಣ ಬಿಡುತ್ತದೆ.

ಇಲ್ಲಿ ಬ್ಲೀಚ್ ಎರಡನೆಯ ಉಪಕಾರ ಮಾಡುತ್ತದೆ. ಫಾಂಟಾನಾ–ಮ್ಯಾಸನ್ ಎಂಬ ಬೆಳ್ಳಿಯ ಪರೀಕ್ಷೆಯಲ್ಲಿ ಮೆಲನಿನ್ ಕಪ್ಪಾಗುತ್ತದೆ. ಅದೇ ಪರೀಕ್ಷೆಯನ್ನು ಬ್ಲೀಚ್ ಮಾಡಿದ ಪದರದಲ್ಲಿ ಮಾಡಿದಾಗ ಕಪ್ಪು ಬಾರದಿದ್ದರೆ ಅಲ್ಲಿ ಇದ್ದದ್ದು ಮೆಲನಿನ್ನೇ ಎಂದು ಖಚಿತವಾಗುತ್ತದೆ. ಕಬ್ಬಿಣಕ್ಕೆ ಪರ್ಲ್ಸ್ ಎಂಬ ಬೇರೆ ಪರೀಕ್ಷೆ ಇದೆ. ಅದರಲ್ಲಿ ಕಬ್ಬಿಣ ನೀಲಿಯಾಗಿ ಕಾಣುತ್ತದೆ.

ಕಂದಿನ ಮೇಲೆ ಕಂದು: ವಿಶೇಷ ಪರೀಕ್ಷೆಗಳ ತೊಡಕು

ನಿಮ್ಮ ರಿಪೋರ್ಟ್‌ನಲ್ಲಿ ಎಸ್-100, ಎಚ್‌ಎಂಬಿ-45, ಮೆಲನ್-ಎ, ಸಾಕ್ಸ್-10 ಎಂಬ ಹೆಸರುಗಳಿರಬಹುದು. ಇವು ಇಮ್ಯೂನೊಹಿಸ್ಟೊಕೆಮಿಸ್ಟ್ರಿ ಪರೀಕ್ಷೆಗಳು. ಕೋಶ ಯಾವ ಜಾತಿಯದು ಎಂದು ಪತ್ತೆಹಚ್ಚಲು ಮಾಡುತ್ತಾರೆ. ಇವುಗಳಲ್ಲಿ ಹೆಚ್ಚು ಬಳಸುವ ಗುರುತಿನ ಬಣ್ಣ ಕಂದು. ಮೆಲನಿನ್ ಕೂಡ ಕಂದು. ಕಂದು ಕಂಡರೆ ಅದು ಪರೀಕ್ಷೆಯ ಫಲಿತಾಂಶವೋ ಕಣ್ಣಿನ ಸ್ವಂತ ಬಣ್ಣವೋ ಎಂಬ ಗೊಂದಲ ಸಹಜ.

ಇದಕ್ಕೆ ದಾರಿಗಳಿವೆ. ಗುರುತಿನ ಬಣ್ಣವನ್ನು ಕಂದಿನ ಬದಲು ಕೆಂಪಾಗಿ ಬದಲಿಸಬಹುದು. ಇಲ್ಲವೇ ಪದರವನ್ನು ಹದವಾಗಿ ಬ್ಲೀಚ್ ಮಾಡಿ ಪರೀಕ್ಷೆ ನಡೆಸಬಹುದು. ಬ್ಯಾಪ್-1 ಎಂಬ ಪರೀಕ್ಷೆಯಲ್ಲಿ ಇದು ಹೆಚ್ಚು ಮುಖ್ಯ. ಮೆಲನೋಮಾ ಕೋಶಗಳ ನ್ಯೂಕ್ಲಿಯಸ್‌ನಿಂದ ಬ್ಯಾಪ್-1 ಪ್ರೋಟೀನ್ ಕಾಣೆಯಾಗಿದ್ದರೆ ಕಾಯಿಲೆ ಹರಡುವ ಅಪಾಯ ಹೆಚ್ಚು. ಮೆಲನಿನ್ ಅಡ್ಡವಿದ್ದರೆ ಪ್ರೋಟೀನ್ ‘ಇದೆ’ ಎಂದೋ ‘ಇಲ್ಲ’ ಎಂದೋ ತಪ್ಪಾಗಿ ಓದುವ ಸಾಧ್ಯತೆ ಇದೆ.

ವಂಶವಾಹಿ ಪರೀಕ್ಷೆಗೆ ಮಾತ್ರ ಬ್ಲೀಚ್ ಮಾಡಿದ ಪದರ ಒಳ್ಳೆಯದಲ್ಲ. ಬ್ಲೀಚ್‌ನ ರಾಸಾಯನಿಕ ಡಿಎನ್‌ಎಗೆ ಹಾನಿ ಮಾಡಬಹುದು. ಹಾಗೆಂದು ಮೆಲನಿನ್ ಹಾಗೇ ಉಳಿದರೂ ಕಷ್ಟ, ಅದು ಪಿಸಿಆರ್ ಪರೀಕ್ಷೆಯನ್ನು ತಡೆಯುತ್ತದೆ. ಆದ್ದರಿಂದ ಬ್ಲೀಚ್ ಮಾಡದ ಪದರದಿಂದ ಡಿಎನ್‌ಎ ತೆಗೆದು, ಬೇರೆ ಕ್ರಮದಲ್ಲಿ ಶುದ್ಧೀಕರಿಸುತ್ತಾರೆ. ಇಂಥ ಪರೀಕ್ಷೆಯ ಯೋಚನೆ ಇದ್ದರೆ ನಿಮ್ಮ ವೈದ್ಯರಿಗೆ ಮೊದಲೇ ಹೇಳಿ.

ರಿಪೋರ್ಟ್ ತಡವಾಗಿದ್ದು ಏಕೆ?

‘ಬಯಾಪ್ಸಿ ಮೂರು ದಿನದಲ್ಲಿ ಬರುತ್ತದೆ ಅಂದಿದ್ದರು, ವಾರವಾಯಿತು’ ಎಂಬ ಆತಂಕ ಸಾಮಾನ್ಯ. ಲೆಕ್ಕ ಹಾಕಿ ನೋಡಿ. ಇಡೀ ಕಣ್ಣಾದರೆ ಫಾರ್ಮಲಿನ್‌ನಲ್ಲೇ ಒಂದೆರಡು ದಿನ. ಮೇಣ ತುಂಬಿಸಲು ಒಂದು ರಾತ್ರಿ. ಮೊದಲ ಸ್ಲೈಡ್ ನೋಡಿದ ಮೇಲೆ ಬ್ಲೀಚ್ ಬೇಕೆಂದು ತೀರ್ಮಾನ, ಹೊಸ ಪದರ, ಬ್ಲೀಚ್, ಮತ್ತೆ ಬಣ್ಣ: ಇದಕ್ಕೆ ಇನ್ನೊಂದೆರಡು ದಿನ. ಇಮ್ಯೂನೊಹಿಸ್ಟೊಕೆಮಿಸ್ಟ್ರಿ ಸೇರಿದರೆ ಮತ್ತಷ್ಟು. ತಡವಾಗಿದೆ ಎಂದರೆ ಕೆಟ್ಟ ಸುದ್ದಿ ಎಂದರ್ಥವಲ್ಲ.

ರಿಪೋರ್ಟ್‌ನ ಮಾತುಗಳು, ಕನ್ನಡದಲ್ಲಿ

• ಹೆವಿಲಿ ಪಿಗ್ಮೆಂಟೆಡ್: ಬಣ್ಣ ದಟ್ಟವಾಗಿದೆ. ಕ್ಯಾನ್ಸರ್ ಎಂದು ಅರ್ಥವಲ್ಲ.
• ಬ್ಲೀಚ್ಡ್ ಸೆಕ್ಷನ್ಸ್ ಶೋ: ಬಣ್ಣ ತೆಗೆದ ಪದರದಲ್ಲಿ ಕಂಡದ್ದು ಇದು. ಮುಂದಿನ ಸಾಲುಗಳೇ ಮುಖ್ಯ.
• ಬ್ಲ್ಯಾಂಡ್ ನ್ಯೂಕ್ಲಿಯೈ: ನ್ಯೂಕ್ಲಿಯಸ್‌ಗಳು ಶಾಂತವಾಗಿವೆ, ಅಪಾಯದ ಗುರುತು ಕಾಣುತ್ತಿಲ್ಲ.
• ಏಟಿಪಿಯಾ: ಕೋಶಗಳ ಸ್ವರೂಪ ಸಹಜವಾಗಿಲ್ಲ. ಎಷ್ಟರ ಮಟ್ಟಿಗೆ ಎಂದು ವೈದ್ಯರನ್ನು ಕೇಳಿ.
• ಮೆಲನೋಫೇಜಸ್: ಬಣ್ಣ ನುಂಗಿದ ಶುಚಿಗಾರ ಕೋಶಗಳು. ಇವು ಕ್ಯಾನ್ಸರ್ ಕೋಶಗಳಲ್ಲ.
• ಮೈಟೋಸಿಸ್: ಒಡೆದು ಎರಡಾಗುತ್ತಿರುವ ಕೋಶಗಳು. ಸಾಮಾನ್ಯವಾಗಿ ಸೂಕ್ಷ್ಮದರ್ಶಕದ 40 ಹೈ ಪವರ್ ಫೀಲ್ಡ್‌ಗಳಲ್ಲಿ ಎಷ್ಟೆಂದು ಎಣಿಸುತ್ತಾರೆ.
• ಎಕ್ಸ್‌ಟ್ರಾಸ್ಕ್ಲೀರಲ್ ಎಕ್ಸ್‌ಟೆನ್ಷನ್: ಗೆಡ್ಡೆ ಕಣ್ಣಿನ ಬಿಳಿ ಗೋಡೆಯನ್ನು ದಾಟಿದೆ. ‘ನೋ’ ಅಥವಾ ‘ನಾಟ್ ಸೀನ್’ ಎಂದಿದ್ದರೆ ದಾಟಿಲ್ಲ.

ವೈದ್ಯರನ್ನು ಏನು ಕೇಳಬೇಕು?

• ಬ್ಲೀಚ್ ಮಾಡಿದ ಮೇಲೆ ನ್ಯೂಕ್ಲಿಯಸ್ ಸ್ಪಷ್ಟವಾಗಿ ಕಂಡಿತೇ? ತೀರ್ಮಾನ ಖಚಿತವೇ, ಅನುಮಾನ ಉಳಿದಿದೆಯೇ?
• ಮೆಲನೋಮಾ ಆಗಿದ್ದರೆ ಯಾವ ಬಗೆಯ ಕೋಶಗಳು? ಗೆಡ್ಡೆಯ ಅಗಲ ಮತ್ತು ದಪ್ಪ ಎಷ್ಟು? ಗೋಡೆ ದಾಟಿದೆಯೇ?
• ಬ್ಯಾಪ್-1 ಅಥವಾ ವಂಶವಾಹಿ ಪರೀಕ್ಷೆ ನಮಗೆ ಬೇಕೇ? ಅದರಿಂದ ಚಿಕಿತ್ಸೆ ಬದಲಾಗುತ್ತದೆಯೇ?
• ಯಕೃತ್ತಿನ ಸ್ಕ್ಯಾನ್ ಯಾವಾಗ, ಎಷ್ಟು ದಿನಕ್ಕೊಮ್ಮೆ?
• ಎರಡನೆಯ ಅಭಿಪ್ರಾಯಕ್ಕೆ ಸ್ಲೈಡ್ ಮತ್ತು ಬ್ಲಾಕ್ ಪಡೆಯುವುದು ಹೇಗೆ?

ಕೊನೆಯ ಪ್ರಶ್ನೆ ಕೇಳಲು ಸಂಕೋಚ ಬೇಡ. ಕಣ್ಣಿನ ಕಪ್ಪು ಗೆಡ್ಡೆಗಳು ಅಪರೂಪ, ಅವನ್ನು ಹೆಚ್ಚು ನೋಡಿದವರ ಕಣ್ಣಿಗೆ ಬೆಲೆಯಿದೆ. ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ದೆಹಲಿಯ ಏಮ್ಸ್‌ನ ಡಾ. ರಾಜೇಂದ್ರ ಪ್ರಸಾದ್ ಕೇಂದ್ರ ಮುಂತಾದೆಡೆ ಕಣ್ಣಿನ ಪ್ಯಾಥಾಲಜಿಯನ್ನೇ ನೋಡುವ ವಿಭಾಗಗಳಿವೆ. ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಮಾತ್ರ ಒಯ್ಯಬೇಡಿ. ಬ್ಲೀಚ್ ಮಾಡಿದ ಮತ್ತು ಮಾಡದ ಎರಡೂ ಸ್ಲೈಡ್‌ಗಳನ್ನೂ ಬ್ಲಾಕ್ ಅನ್ನೂ ಕೇಳಿ ಪಡೆಯಿರಿ. ಬ್ಲಾಕ್ ಇದ್ದರೆ ಅಲ್ಲಿನವರು ಹೊಸದಾಗಿ ಪದರ ಕೊಯ್ದು ತಾವೇ ಬ್ಲೀಚ್ ಮಾಡಿ ನೋಡಬಹುದು. ಬ್ಲಾಕ್ ಮೇಣದ್ದು. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೋ ಬಿಸಿಲು ಬೀಳುವ ಕಿಟಕಿಯ ಬಳಿಯೋ ಇಡಬೇಡಿ.

ಹೆಚ್ಚಾಗಿ ಕೇಳುವ ಪ್ರಶ್ನೆಗಳು

ಬ್ಲೀಚ್ ಮಾಡಿದರೆ ಕ್ಯಾನ್ಸರ್ ಗುರುತು ಅಳಿಸಿಹೋಗುವುದಿಲ್ಲವೇ?
ಇಲ್ಲ. ಹೋಗುವುದು ಬಣ್ಣ. ಕೋಶದ ಆಕಾರ ಮತ್ತು ನ್ಯೂಕ್ಲಿಯಸ್ ಉಳಿಯುತ್ತವೆ. ಸರಿಯಾಗಿ ಮಾಡಿದ ಬ್ಲೀಚ್ ಅವನ್ನು ಇನ್ನಷ್ಟು ಸ್ಪಷ್ಟವಾಗಿಸುತ್ತದೆ.

ಕಣ್ಣಿನೊಳಗಿನ ಕಪ್ಪು ಕಲೆಯನ್ನು ಹೀಗೇ ಬ್ಲೀಚ್ ಮಾಡಿ ವಾಸಿ ಮಾಡಬಹುದೇ?
ಖಂಡಿತ ಆಗದು. ಈ ರಾಸಾಯನಿಕಗಳು ಶರೀರದಿಂದ ಹೊರತೆಗೆದ, ಫಾರ್ಮಲಿನ್‌ನಲ್ಲಿ ಸಂಸ್ಕರಿಸಿದ ಅಂಗಾಂಶಕ್ಕೆ ಮಾತ್ರ. ಹೈಡ್ರೋಜನ್ ಪೆರಾಕ್ಸೈಡ್ ಆಗಲಿ ಪರ್ಮಾಂಗನೇಟ್ ಆಗಲಿ ಜೀವಂತ ಕಣ್ಣಿಗೆ ಬಿದ್ದರೆ ಸುಡುತ್ತದೆ. ಅಕಸ್ಮಾತ್ ಬಿದ್ದರೆ ತಕ್ಷಣ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ.

ನನ್ನ ಕಣ್ಣಿನ ಬಿಳಿ ಭಾಗದಲ್ಲಿ ಕಂದು ಛಾಯೆ ಇದೆ. ಬಯಾಪ್ಸಿ ಬೇಕೇ?
ಗಾಢ ಮೈಬಣ್ಣದವರಲ್ಲಿ ಎರಡೂ ಕಣ್ಣುಗಳಲ್ಲಿ, ಕಪ್ಪುಗುಡ್ಡೆಯ ಅಂಚಿನ ಸುತ್ತ, ಚಪ್ಪಟೆಯಾದ ಕಂದು ಛಾಯೆ ಸಾಮಾನ್ಯ. ಸಾಮಾನ್ಯವಾಗಿ ಅದರಿಂದ ತೊಂದರೆಯಿಲ್ಲ. ಆದರೆ ಒಂದೇ ಕಣ್ಣಿನಲ್ಲಿ ಹೊಸದಾಗಿ ಬಂದ, ಬೆಳೆಯುತ್ತಿರುವ, ಉಬ್ಬಿದ, ಬಣ್ಣ ಬದಲಾಗುತ್ತಿರುವ ಅಥವಾ ರಕ್ತನಾಳಗಳು ದಪ್ಪಗಾಗಿರುವ ಕಲೆ ಇದ್ದರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ. ಬಯಾಪ್ಸಿ ಬೇಕೋ ಬೇಡವೋ ಅವರು ಹೇಳುತ್ತಾರೆ.

ಪರೀಕ್ಷೆಗೆ ಮೊದಲೇ ಕಣ್ಣು ತೆಗೆದುಬಿಟ್ಟರು. ಕ್ಯಾನ್ಸರ್ ಅಲ್ಲದಿದ್ದರೆ?
ಈ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಕೊರಗುವವರು ಬಹಳ. ಕಣ್ಣಿನೊಳಗಿನ ಮೆಲನೋಮಾವನ್ನು ಅನುಭವಿ ವೈದ್ಯರು ಪರೀಕ್ಷೆ, ಅಲ್ಟ್ರಾಸೌಂಡ್, ಫೋಟೊಗಳಿಂದಲೇ ಬಹಳ ನಿಖರವಾಗಿ ಗುರುತಿಸುತ್ತಾರೆ. ಅಮೆರಿಕ ಮತ್ತು ಕೆನಡಾದ ಹಲವು ಕೇಂದ್ರಗಳು ಸೇರಿ ನಡೆಸಿದ ಕಾಮ್ಸ್ ಅಧ್ಯಯನದ 1990ರ ವರದಿಯಂತೆ, ಕೊರಾಯ್ಡ್ ಮೆಲನೋಮಾ ಎಂದು ತೆಗೆದ 413 ಕಣ್ಣುಗಳಲ್ಲಿ 411ರಲ್ಲಿ ಪ್ಯಾಥಾಲಜಿಯೂ ಅದನ್ನೇ ಖಚಿತಪಡಿಸಿತು. ನಿಮ್ಮವರ ವಿಷಯದಲ್ಲಿ ತೀರ್ಮಾನ ಯಾವ ಆಧಾರದ ಮೇಲೆ ಆಯಿತು ಎಂದು ವೈದ್ಯರನ್ನು ನೇರವಾಗಿ ಕೇಳಿ. ಅದು ನಿಮ್ಮ ಹಕ್ಕು.

ಬ್ಲೀಚ್ ಮಾಡಿದ ಮೇಲೂ ‘ಖಚಿತವಿಲ್ಲ’ ಎಂದು ಬರಬಹುದೇ?
ಬರಬಹುದು. ತುಣುಕು ತೀರಾ ಚಿಕ್ಕದಾಗಿದ್ದರೆ, ಕೋಶಗಳು ಸತ್ತು ಹೋಗಿದ್ದರೆ, ಗೆಡ್ಡೆಯ ಸರಿಯಾದ ಭಾಗ ಸಿಗದಿದ್ದರೆ ಬ್ಲೀಚ್ ಕೂಡ ಸಹಾಯ ಮಾಡಲಾರದು. ಅದು ಇರುವುದನ್ನು ತೋರಿಸಬಲ್ಲದು, ಇಲ್ಲದ್ದನ್ನು ತಂದುಕೊಡಲಾರದು. ಆಗ ಮತ್ತೊಂದು ಬಯಾಪ್ಸಿ ಅಥವಾ ನಿಗದಿತ ಅವಧಿಗೊಮ್ಮೆ ಪರೀಕ್ಷೆ ಬೇಕಾಗಬಹುದು.

ನೆನಪಿಡಿ

ಮನೆಯವರಿಗೆ ರಿಪೋರ್ಟ್ ಓದಿ ಹೇಳುವಾಗ ‘ಬ್ಲೀಚ್’ ಎಂಬ ಪದ ಬಂದರೆ ಹೀಗೆ ಹೇಳಿ: ಕಣ್ಣಿನ ಕಪ್ಪು ಬಣ್ಣ ಅಡ್ಡವಾಗಿತ್ತು, ಅದನ್ನು ತೆಗೆದು ಒಳಗಿನದನ್ನು ಸರಿಯಾಗಿ ನೋಡಿದ್ದಾರೆ. ಆಮೇಲೆ ಮುಂದಿನ ಸಾಲಿಗೆ ಹೋಗಿ. ನೀವು ಕಾಯುತ್ತಿದ್ದ ಉತ್ತರ ಅಲ್ಲಿದೆ.

ಈ ಲೇಖನ ತಿಳಿವಳಿಕೆಗಾಗಿ ಮಾತ್ರ. ನಿಮ್ಮ ರಿಪೋರ್ಟ್ ಮತ್ತು ಚಿಕಿತ್ಸೆಯ ಬಗ್ಗೆ ನಿಮ್ಮನ್ನು ನೋಡುತ್ತಿರುವ ವೈದ್ಯರ ಸಲಹೆಯನ್ನೇ ಅನುಸರಿಸಿ.